ಐಎನ್‌ಎ226 ಬೋರ್ಡ್: ಕರೆಂಟ್ ರೀಡಿಂಗ್ 64 ಮಿಲಿಆಂಪ್‌ಗೊಮ್ಮೆ ಜಿಗಿಯುತ್ತಿದೆ, ಯಾಕೆ?

ಪ್ರಶ್ನೆ

ಐಎನ್‌ಎ226 ಚಿಪ್ ಇರುವ ಕರೆಂಟ್ ಸೆನ್ಸಿಂಗ್ ಇವ್ಯಾಲ್ಯುಯೇಶನ್ ಬೋರ್ಡನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಐ2ಸಿಯಲ್ಲಿ (ಎಸ್‌ಡಿಎ, ಎಸ್‌ಸಿಎಲ್ ಎಂಬ ಎರಡು ತಂತಿಗಳ ಸಂಪರ್ಕ) ಜೋಡಿಸಿದ್ದೇನೆ. ಬೋರ್ಡ್‌ಗೆ ಸಪ್ಲೈ 3.3 ವೋಲ್ಟ್, ಶಂಟ್ (ಕರೆಂಟ್ ಅಳೆಯುವ ಚಿಕ್ಕ ರೆಸಿಸ್ಟರ್) 10 ಮಿಲಿಓಮ್, ಲೋಡ್ 12 ವೋಲ್ಟ್‌ನದು. ಒಂದು ಎಣಿಕೆಗೆ 0.25 ಮಿಲಿಆಂಪ್ ಲೆಕ್ಕದಲ್ಲಿ ಕ್ಯಾಲಿಬ್ರೇಶನ್ ರಿಜಿಸ್ಟರ್‌ಗೆ (ಚಿಪ್‌ನೊಳಗಿನ ಸೆಟ್ಟಿಂಗ್ ಜಾಗ) 0800 ಹೆಕ್ಸ್ (16ರ ಆಧಾರದ ಸಂಖ್ಯೆ, ದಶಮಾಂಶದಲ್ಲಿ 2048) ಬರೆದಿದ್ದೇನೆ, ಪೈಥಾನ್‌ನ ಎಸ್‌ಎಂಬಸ್ ಲೈಬ್ರರಿಯ ವರ್ಡ್ ರೈಟ್ (ಎರಡು ಬೈಟ್ ಒಟ್ಟಿಗೆ ಬರೆಯುವ ಕರೆ) ಬಳಸಿ. ಓದಿ ನೋಡಿದರೆ ಅದೇ 0800 ಬರುತ್ತದೆ.

2 ಆಂಪ್ ಲೋಡ್‌ಗೆ 1.984 ತೋರಿಸುತ್ತದೆ. ಲೋಡ್ ನಿಧಾನವಾಗಿ ಏರಿಸಿದರೆ ಅಲ್ಲೇ ನಿಂತಿದ್ದು, ಒಮ್ಮೆಲೇ 2.048ಕ್ಕೆ ಹಾರುತ್ತದೆ. 50 ಮಿಲಿಆಂಪ್‌ಗೆ ಸೊನ್ನೆ. ವೋಲ್ಟೇಜ್ ಮೊದಲು 41 ಬರುತ್ತಿತ್ತು, ಓದುವಾಗ ಬೈಟ್ ತಿರುಗಿಸಿದ ಮೇಲೆ 12 ಬಂತು. ಆಮೇಲೆ 16 ಸ್ಯಾಂಪಲ್ ಸರಾಸರಿಗೆಂದು ಕಾನ್ಫಿಗರೇಶನ್‌ಗೆ 4527 ಹೆಕ್ಸ್ ಬರೆದೆ. ಜಿಗಿತ ಹೋಗಲಿಲ್ಲ, ಅದರ ಮೇಲೆ ವೋಲ್ಟೇಜ್ ರೀಡಿಂಗ್ ಅಲ್ಲಾಡದೆ ನಿಂತುಬಿಟ್ಟಿದೆ. ಚಿಪ್ ಕೆಟ್ಟಿದೆಯೇ?

ಉತ್ತರ 1

ಚಿಪ್ ಚೆನ್ನಾಗಿದೆ. ಇದು ನಾಯ್ಸ್ ಕೂಡ ಅಲ್ಲ, ನಾಯ್ಸ್ ಇಷ್ಟು ಸಮನಾದ ಮೆಟ್ಟಿಲು ಹಾಕುವುದಿಲ್ಲ. 64 ಮಿಲಿಆಂಪ್ ಅಂದರೆ ನಿಮ್ಮ ಲೆಕ್ಕದಲ್ಲಿ ಸರಿಯಾಗಿ 256 ಎಣಿಕೆ. 256 ಕಂಡಲ್ಲಿ ಬೈಟ್ ಕ್ರಮದ ಮೇಲೇ ಮೊದಲ ಅನುಮಾನ.

ಈ ಚಿಪ್ ದೊಡ್ಡ (ಎಡಗಡೆಯ) ಬೈಟನ್ನು ಮೊದಲು ಕಳಿಸುತ್ತದೆ, ಎಸ್‌ಎಂಬಸ್ ವರ್ಡ್ ಕರೆ ಚಿಕ್ಕ ಬೈಟ್ ಮೊದಲು ಎಂದುಕೊಳ್ಳುತ್ತದೆ. ಹಾಗಾಗಿ ನೀವು ಬರೆದ 0800 ಚಿಪ್‌ನೊಳಗೆ 0008 ಆಗಿ ಕೂತಿದೆ. ಓದುವಾಗ ಇನ್ನೊಮ್ಮೆ ತಿರುಗಿ 0800 ಆಗಿಯೇ ಕಾಣುತ್ತದೆ. ಬರೆದದ್ದನ್ನು ಓದಿ ತಾಳೆ ನೋಡಿದರೂ ಈ ತಪ್ಪು ಸಿಗದಿರುವುದು ಅದಕ್ಕೇ.

2 ಆಂಪ್‌ಗೆ ಶಂಟ್ ಮೇಲೆ 20 ಮಿಲಿವೋಲ್ಟ್, ಎಣಿಕೆಗೆ 2.5 ಮೈಕ್ರೊವೋಲ್ಟ್‌ನಂತೆ 8000. ಚಿಪ್ ಇದನ್ನು ಕ್ಯಾಲಿಬ್ರೇಶನ್‌ನಿಂದ ಗುಣಿಸಿ 2048ರಿಂದ ಭಾಗಿಸುತ್ತದೆ. 2048 ಇರಬೇಕಾದಲ್ಲಿ 8 ಇರುವುದರಿಂದ ಉತ್ತರ 31. ಅದನ್ನು ನೀವು ತಿರುಗಿಸದೆ ಓದಿದಾಗ 31 × 256 = 7936, ಅಂದರೆ 1.984 ಆಂಪ್. ಎರಡು ತಪ್ಪು ಸೇರಿ ಸರಿಯಂತೆ ಕಾಣುವ ಉತ್ತರ ಕೊಟ್ಟಿವೆ.

ಖಚಿತಪಡಿಸಿಕೊಳ್ಳಲು ಎಫ್‌ಇ ವಿಳಾಸದ ತಯಾರಕರ ಗುರುತಿನ ರಿಜಿಸ್ಟರ್ ಓದಿ. ಅದು 5449 ಇರಬೇಕು. 4954 ಬಂದರೆ ಬೈಟ್ ತಿರುಗಿದೆ. ವರ್ಡ್ ಕರೆಗಳನ್ನು ಪೂರ್ತಿ ಬಿಟ್ಟು ಐ2ಸಿ ಬ್ಲಾಕ್ ರೀಡ್, ಐ2ಸಿ ಬ್ಲಾಕ್ ರೈಟ್ ಬಳಸಿ: 05 ರಿಜಿಸ್ಟರ್‌ಗೆ ಮೊದಲು 08, ಆಮೇಲೆ 00. ಒಂದು ಕಡೆ ತಿರುಗಿಸಿ ಇನ್ನೊಂದು ಕಡೆ ಬಿಡುವ ಪದ್ಧತಿಯೇ ಬೇಡ.

ಉತ್ತರ 2

ವೋಲ್ಟೇಜ್ ನಿಂತದ್ದಕ್ಕೂ ಮೂಲ ಅದೇ. 4527 ತಿರುಗಿ 2745 ಆಗಿದೆ. ಕೊನೆಯ 3 ಬಿಟ್‌ಗಳು ಮೋಡ್; 111 ಇದ್ದರೆ ಶಂಟ್ ಮತ್ತು ಬಸ್ (ಲೋಡ್ ಲೈನ್‌ನ ವೋಲ್ಟೇಜ್) ಎರಡನ್ನೂ ಅಳೆಯುತ್ತದೆ, ನಿಮ್ಮದರಲ್ಲಿ 101 ಆಗಿ ಶಂಟ್ ಮಾತ್ರ. ಬಸ್ ರಿಜಿಸ್ಟರ್‌ನಲ್ಲಿ ಉಳಿದಿರುವುದು ಹಳೆಯ ರೀಡಿಂಗ್. ಸರಾಸರಿಯೂ 16ರ ಬದಲು 64 ಆಗಿದೆ.

ಪ್ರಶ್ನೆ ಕೇಳಿದವರು

4954 ಬಂತು ಸರ್. ಬ್ಲಾಕ್ ರೈಟ್‌ಗೆ ಬದಲಿಸಿದ ಮೇಲೆ ಎರಡೂ ಸರಿಯಾದವು, ತುಂಬ ಧನ್ಯವಾದ. ಇಂಥದೇ 6 ಬೋರ್ಡ್ ಒಂದೇ ಐ2ಸಿ ಬಸ್‌ಗೆ ಹಾಕಬೇಕು, 5 ಆಂಪ್ ದಾಟಿದರೆ ಅಲರ್ಟ್ ಬರಬೇಕು. ಪ್ರತಿ ಬೋರ್ಡ್‌ನಲ್ಲೂ 10 ಕಿಲೊಓಮ್ ಪುಲ್‌ಅಪ್ (ತಂತಿಯನ್ನು ಸಪ್ಲೈ ಮಟ್ಟಕ್ಕೆ ಎಳೆದಿಡುವ ರೆಸಿಸ್ಟರ್) ಇದೆ.

ಉತ್ತರ 2

ವಿಳಾಸ ಸುಲಭ. ವಿಳಾಸದ ಪಿನ್‌ಗಳಲ್ಲಿ ಎ1 ಗ್ರೌಂಡ್‌ಗೆ ಇಟ್ಟು ಎ0 ಅನ್ನು ಗ್ರೌಂಡ್, ಸಪ್ಲೈ, ಎಸ್‌ಡಿಎ, ಎಸ್‌ಸಿಎಲ್ ಈ ನಾಲ್ಕಕ್ಕೆ ಜೋಡಿಸಿದರೆ 40ರಿಂದ 43 ಹೆಕ್ಸ್. ಉಳಿದ ಎರಡರಲ್ಲಿ ಎ1 ಸಪ್ಲೈಗೆ. ಎ0 ಗ್ರೌಂಡ್‌ಗೆ ಹೋದರೆ 44, ಸಪ್ಲೈಗೆ ಹೋದರೆ 45.

ಪುಲ್‌ಅಪ್ ಮಾತ್ರ ತೆಗೆಯಲೇಬೇಕು. ಪೈನಲ್ಲೇ 1.8 ಕಿಲೊಓಮ್ ಇದೆ. ಅದಕ್ಕೆ ಸಮಾಂತರವಾಗಿ ಆರು 10 ಕಿಲೊಓಮ್ ಸೇರಿದರೆ ಸುಮಾರು 865 ಓಮ್. 3.3 ವೋಲ್ಟ್ ಬಸ್‌ನಲ್ಲಿ 3 ಮಿಲಿಆಂಪ್ ಎಳೆದು 0.4 ವೋಲ್ಟ್‌ಗೆ ಇಳಿಸಬೇಕಾದರೆ ಕನಿಷ್ಠ 967 ಓಮ್ ಬೇಕು. ಐದು ಬೋರ್ಡ್‌ಗಳ ಎಸ್‌ಡಿಎ, ಎಸ್‌ಸಿಎಲ್ ಪುಲ್‌ಅಪ್ ಕಿತ್ತುಹಾಕಿ. ಬೋರ್ಡ್‌ಗೆ 5 ವೋಲ್ಟ್ ಕೊಡುವ ಯೋಚನೆ ಇದ್ದರೆ ಬಿಡಿ, ಪುಲ್‌ಅಪ್ ಮೂಲಕ ಅದು ಪೈ ಪಿನ್‌ಗೆ ಬರುತ್ತದೆ.

ಉತ್ತರ 1

ಅಲರ್ಟ್ ಪಿನ್ ಓಪನ್ ಡ್ರೇನ್, ಅಂದರೆ ತಂತಿಯನ್ನು ಕೆಳಗೆ ಮಾತ್ರ ಎಳೆಯುತ್ತದೆ. ಆರನ್ನೂ ಒಂದೇ ತಂತಿಗೆ ಕಟ್ಟಿ 3.3 ವೋಲ್ಟ್‌ಗೆ ಒಂದು 10 ಕಿಲೊಓಮ್ ಹಾಕಿದರೆ ಸಾಕು. 5 ಆಂಪ್ ಅಂದರೆ 50 ಮಿಲಿವೋಲ್ಟ್, ಹಾಗಾಗಿ 07 ರಿಜಿಸ್ಟರ್‌ಗೆ 20000 (ದಶಮಾಂಶ). 06 ರಿಜಿಸ್ಟರ್‌ಗೆ 8001 ಹೆಕ್ಸ್ ಬರೆದರೆ ಶಂಟ್ ಮಿತಿ ಮೀರಿದಾಗ ಪಿನ್ ಕೆಳಗಿಳಿದು ಹಾಗೇ ಹಿಡಿದುಕೊಳ್ಳುತ್ತದೆ. ತಂತಿ ಇಳಿದಾಗ ಒಂದೊಂದೇ ಚಿಪ್‌ನ 06 ಓದಿ: ಬಿಟ್ 4 ಎದ್ದಿರುವುದೇ ಮಿತಿ ದಾಟಿದ ಲೈನ್. ಓದಿದೊಡನೆ ಹಿಡಿತ ಬಿಡುತ್ತದೆ, ಆದ್ದರಿಂದ ಓದಿದ ಬೆಲೆಯನ್ನು ಮೊದಲು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ, ಎರಡನೇ ಸಲ ಸಿಗದಿರಬಹುದು.

4527 ಸೆಟ್ಟಿಂಗ್‌ನಲ್ಲಿ ಒಂದು ಸುತ್ತಿಗೆ (1.1 + 1.1) × 16 = 35.2 ಮಿಲಿಸೆಕೆಂಡ್ ಬೇಕು. ಶಾರ್ಟ್ ಆದಾಗ ಅದು ಬಹಳ ತಡ. ಪ್ರತಿ ಲೈನ್‌ಗೂ ಫ್ಯೂಸ್ ಬೇರೆಯೇ ಹಾಕಿ.