ಹಿಮನದಿ ಕರಗಿತೋ, ಬತ್ತಿತೋ, ಸತ್ತಿತೋ?

ಗೆಳೆಯರೇ, ನಮಸ್ಕಾರ.

ಮಕ್ಕಳಿಗಾಗಿ ಗಂಗೋತ್ರಿ ಹಿಮನದಿಯ ಬಗ್ಗೆ ಬರೆಯುತ್ತಿದ್ದೇನೆ. 'ಗೋಮುಖದಲ್ಲಿ ಹಿಮನದಿ ಹಿಂದೆ ಸರಿಯುತ್ತಿದೆ' ಎಂದು ಬರೆದಿದ್ದೆ (ಗೋಮುಖ ಅಂದರೆ ಅದರ ಕೆಳತುದಿ). ಏಳನೇ ಕ್ಲಾಸಿನ ಮಗಳು ಅದನ್ನೋದಿ ಪಕ್ಕದಲ್ಲೇ ಚಿತ್ರ ಬಿಡಿಸಿದಳು. ಬಸವನಹುಳು ಚಿಪ್ಪಿನೊಳಗೆ ಸೇರಿಕೊಳ್ಳುವ ಹಾಗೆ ಮಂಜುಗಡ್ಡೆ ಬೆಟ್ಟ ಹತ್ತುತ್ತಿತ್ತು! ತಪ್ಪು ಅವಳದಲ್ಲ, ನನ್ನ ಮಾತಿನದು.

ಹಿಮನದಿ ಯಾವತ್ತೂ ಮೇಲಕ್ಕೆ ಹೋಗುವುದಿಲ್ಲ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗೆ ಜಾರುತ್ತಲೇ ಇರುತ್ತದೆ. ಮೇಲಿಂದ ಬಂದು ಸೇರುವುದಕ್ಕಿಂತ ತುದಿಯಲ್ಲಿ ಕರಗುವುದು ಜಾಸ್ತಿಯಾದರೆ ಉದ್ದ ಕಡಿಮೆಯಾಗುತ್ತದೆ, ಅಷ್ಟೆ. ಅದಕ್ಕೇ 'ತುದಿ ಸವೆಯುತ್ತಿದೆ' ಎಂದು ತಿದ್ದಿದೆ. ಸೀಮೆಸುಣ್ಣ ಸವೆಯುತ್ತದಲ್ಲ, ಹಾಗೆ.

ನಿಜವಾಗಿ ಸಿಕ್ಕಿಹಾಕಿಕೊಂಡಿದ್ದು ಕೊನೆಯ ಭಾಗದಲ್ಲಿ. ಐಸ್‌ಲ್ಯಾಂಡಿನವರು ಹಿಮನದಿಗೆ 'ಯೋಕುಲ್' ಅನ್ನುತ್ತಾರೆ. ಅಲ್ಲಿನ ಓಕ್ ಬೆಟ್ಟದ ಮೇಲೆ ಓಕ್‌ಯೋಕುಲ್ ಇತ್ತು. ತೆಳುವಾಗುತ್ತಾ ಹೋಗಿ, ಜಾರುವಷ್ಟು ಭಾರವೂ ಅದಕ್ಕೆ ಉಳಿಯಲಿಲ್ಲ. ಇದಿನ್ನು ಹಿಮನದಿಯಲ್ಲ ಎಂದು 2014ರಲ್ಲಿ ವಿಜ್ಞಾನಿ ಒಡ್ಡುರ್ ಸಿಗುರ್ಡ್‌ಸನ್ ಹೇಳಿದರು. ಹೆಸರಿನಿಂದ 'ಯೋಕುಲ್' ಬಿದ್ದುಹೋಗಿ ಬರೀ 'ಓಕ್' ಉಳಿಯಿತು. 2019ರಲ್ಲಿ ಅಲ್ಲೊಂದು ಫಲಕ ಹಾಕಿದರು. ಮುಂದಿನ 200 ವರ್ಷಗಳಲ್ಲಿ ನಮ್ಮ ಎಲ್ಲ ಹಿಮನದಿಗಳದ್ದೂ ಇದೇ ಗತಿ ಎಂಬ ಮಾತು ಅದರಲ್ಲಿದೆ.

ಇದನ್ನು ಕನ್ನಡದಲ್ಲಿ ಹೇಗೆ ಹೇಳೋಣ? ಚೂರುಪಾರು ಮಂಜುಗಡ್ಡೆ ಉಳಿದೇ ಇತ್ತು, ಹಾಗಾಗಿ 'ಕರಗಿಹೋಯಿತು' ಅನ್ನುವಂತಿಲ್ಲ. 'ಬತ್ತಿತು' ಕೆರೆ ಹೊಳೆಗೆ ಸರಿ. ಮಳೆ ಬಂದರೆ ಮತ್ತೆ ತುಂಬೀತು ಎಂಬ ಆಸೆ ಆ ಮಾತಿನಲ್ಲೇ ಇದೆ. ಇಲ್ಲಿ ಆ ಆಸೆ ಇಲ್ಲ, ಅಲ್ವಾ? 'ಸತ್ತಿತು' ಅಂದರೆ ಏನು ನಿಂತಿತು ಅನ್ನುವುದೇ ತಿಳಿಯುವುದಿಲ್ಲ. ನನಗೆ ಹಿಡಿಸಿದ್ದು 'ಹರಿವು ನಿಂತಿತು'. ಉಸಿರು ನಿಂತಿತು ಅಂತೀವಲ್ಲ, ಅದೇ ಭಾರ ಇದಕ್ಕೂ ಇದೆ.

ಸುಮ್ನೆ ಪದಕ್ಕಾಗಿ ತಲೆ ಕೆಡಿಸಿಕೊಂಡಿಲ್ಲ. ಭೂಮಿಯ ಬಿಸಿ 1.5 ಡಿಗ್ರಿಗಿಂತ ಹೆಚ್ಚು ಏರದಂತೆ ತಡೆದರೂ, ಈ ಶತಮಾನ ಮುಗಿಯುವಷ್ಟರಲ್ಲಿ ಜಗತ್ತಿನ ಹಿಮನದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಲ್ಲವಾಗುತ್ತವೆ ಎಂದು 2023ರ ಅಧ್ಯಯನವೊಂದು ಲೆಕ್ಕ ಹಾಕಿದೆ. 'ಹರಿವು ನಿಂತಿತು' ಎಂಬ ವಾಕ್ಯವನ್ನು ನಮ್ಮ ಮಕ್ಕಳು ಎಷ್ಟು ಸಲ ಬರೆಯಬೇಕಾಗುತ್ತದೋ.

ಇನ್ನೊಂದು ಪ್ರಶ್ನೆ. ಹರಿವು ನಿಂತ ಮೇಲೆ ಉಳಿಯುವ ಗಡ್ಡೆಗೆ ಏನನ್ನೋಣ? 'ನಿಂತ ನೀರು' ಇದ್ದ ಹಾಗೆ 'ನಿಂತ ಹಿಮ' ಎಂದುಕೊಂಡೆ. ಆದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೋಡಿದವರಿಗೆ ಹಿಮ ಅಂದರೆ ಕವಿದ ಮಂಜೇ ಕಣ್ಣಿಗೆ ಬರುತ್ತದೆ. ಸಿಯಾಚಿನ್ ಕಡೆ ಸೇನೆಯಲ್ಲಿದ್ದವರು ಇಲ್ಲಿದ್ದರೆ ತಿಳಿಸಿ. ರಜೆಗೆ ಊರಿಗೆ ಬಂದಾಗ ಮನೆಯವರ ಹತ್ತಿರ ಅದನ್ನೆಲ್ಲ ಏನೆಂದು ಹೇಳುತ್ತಿದ್ದಿರಿ?