ಡಿಕ್ಕಿ ಹೊಡೆದ ಚಾಲಕನ ರಕ್ತ ಪರೀಕ್ಷೆ: ಪಟ್ಟು ಹಿಡಿಯಬಹುದೇ?

ಪ್ರಶ್ನೆ (ತಿಪಟೂರು): ನಿನ್ನೆ ರಾತ್ರಿ ನಮ್ಮ ಚಿಕ್ಕಪ್ಪನ ಸ್ಕೂಟರಿಗೆ ಕಾರೊಂದು ಹಿಂದಿನಿಂದ ಗುದ್ದಿತು. ತೊಡೆಯ ಮೂಳೆ ಮುರಿದಿದೆ. ಕಾರಿನವನ ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು ಎಂದು ಅಲ್ಲಿದ್ದವರೆಲ್ಲ ಹೇಳುತ್ತಾರೆ. ಅವನೂ ಪೆಟ್ಟು ತಿಂದು ಖಾಸಗಿ ಆಸ್ಪತ್ರೆ ಸೇರಿದ್ದಾನೆ. ‘ಡಾಕ್ಟರ್ ಬಿಡಲಿಲ್ಲ, ಊದಿಸಲು ಆಗಲಿಲ್ಲ’ ಎನ್ನುತ್ತಾರೆ ಪೊಲೀಸರು. ಅನುಭವ ಇದ್ದವರು ದಾರಿ ತೋರಿಸಿ.

ದಾವಣಗೆರೆಯಿಂದ: ಇದನ್ನು ಓದಿದ ಕೂಡಲೇ ಠಾಣೆಗೆ ಹೋಗಿ. ರಕ್ತದ ಮಾದರಿ ತೆಗೆಸಿ ಎಂದು ಬರೆದುಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ನಂಬಬೇಡಿ. ನಮ್ಮ ಭಾವನ ಪ್ರಕರಣದಲ್ಲಿ ರಕ್ತ ತೆಗೆದದ್ದು ಮರುದಿನ ಮಧ್ಯಾಹ್ನ. ವರದಿಯಲ್ಲಿ ಮದ್ಯದ ಅಂಶವೇ ಇರಲಿಲ್ಲ. ಉಳಿದದ್ದು ವೈದ್ಯರು ಬರೆದಿದ್ದ ‘ಮದ್ಯದ ವಾಸನೆ ಇದೆ’ ಎಂಬ ಒಂದು ಸಾಲು. ‘ಅದು ನಿಮ್ಮ ವಾರ್ಡಿನ ಸ್ಪಿರಿಟ್ ವಾಸನೆಯೂ ಇರಬಹುದಲ್ಲವೇ?’ ಎಂದು ಎದುರು ವಕೀಲರು ಕೇಳಿದರು. ವೈದ್ಯರು ‘ಇರಬಹುದು’ ಎಂದುಬಿಟ್ಟರು!

ಮೈಸೂರಿನಿಂದ, ತುರ್ತು ಚಿಕಿತ್ಸಾ ವಿಭಾಗದ ನರ್ಸ್: ಸ್ಪಿರಿಟ್ ಮಾತು ತಮಾಷೆಯಲ್ಲ ಸರ್. ಈ ಪರೀಕ್ಷೆಗೆ ರಕ್ತ ತೆಗೆಯುವಾಗ ತೋಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು, ಸೋಪು ನೀರೇ ಆಗಬೇಕು. ಬೂದು ಮುಚ್ಚಳದ ಟ್ಯೂಬಿಗೆ ತುಂಬಿಸುತ್ತೇವೆ. ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ, ಇಲ್ಲದಿದ್ದರೆ ಟ್ಯೂಬಿನೊಳಗೇ ಮದ್ಯದ ಪ್ರಮಾಣ ಏರುಪೇರಾಗುತ್ತದೆ. ಆಮೇಲೆ ಚೀಟಿ, ಸಮಯ, ಸಹಿ, ಅರಗಿನ ಮೊಹರು. ಇನ್ನು ತಡವಾದಷ್ಟೂ ನಷ್ಟ: ದೇಹ ಗಂಟೆಗೆ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 15 ಮಿಲಿಗ್ರಾಂನಷ್ಟು ಮದ್ಯವನ್ನು ಕರಗಿಸಿಬಿಡುತ್ತದೆ. ರಾತ್ರಿ ನೂರಿದ್ದದ್ದು ಬೆಳಗಾಗುವಷ್ಟರಲ್ಲಿ ಮಾಯ. ಆ ಚಾಲಕನನ್ನು ದಾಖಲಿಸಿಕೊಂಡಾಗ ಚಿಕಿತ್ಸೆಗೆಂದು ರಕ್ತ ತೆಗೆದೇ ಇರುತ್ತಾರೆ. ಅದು ಉಳಿದಿದ್ದರೆ ಕಾಯ್ದಿರಿಸುವಂತೆ ಪೊಲೀಸರಿಂದ ಇಂದೇ ಪತ್ರ ಕೊಡಿಸಿ.

ಹಾಸನದಿಂದ, ವಕೀಲ: ಪೊಲೀಸರು ಹೇಳಿದ್ದು ಅರ್ಧ ನಿಜ. ಮೋಟಾರು ವಾಹನ ಕಾಯ್ದೆಯ 203ನೇ ಕಲಂ ಪ್ರಕಾರ ಒಳರೋಗಿಗೆ ಊದಿಸುವ ಮೊದಲು ವೈದ್ಯರಿಗೆ ತಿಳಿಸಬೇಕು. ಚಿಕಿತ್ಸೆಗೆ ತೊಂದರೆ ಎಂದು ಅವರು ಆಕ್ಷೇಪಿಸಿದರೆ ಊದಿಸುವಂತಿಲ್ಲ. ಆ ಆಕ್ಷೇಪಣೆ ಬರಹದಲ್ಲಿದೆಯೇ ಎಂದು ಕೇಳಿ. ಆದರೆ ಅಷ್ಟಕ್ಕೇ ಬಾಗಿಲು ಮುಚ್ಚುವುದಿಲ್ಲ. ಚಾಲಕನನ್ನು ಬಂಧಿಸಿದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) 51ನೇ ಕಲಂ ಅಡಿ ಪೊಲೀಸರ ಕೋರಿಕೆಯ ಮೇಲೆ ವೈದ್ಯರು ರಕ್ತ ತೆಗೆಯಬಹುದು, ಅವನು ಒಲ್ಲೆ ಎಂದರೂ. ರಕ್ತದಲ್ಲಿ ಮದ್ಯದ ಮಿತಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ. ಕುಡಿದು ವಾಹನ ಓಡಿಸುವುದರ ಕುರಿತ, ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಹಿಂದೆ ಉಸಿರಿನ ಪರೀಕ್ಷೆಯ ಮಾತಷ್ಟೇ ಇತ್ತು. 2019ರ ತಿದ್ದುಪಡಿ ಪ್ರಯೋಗಾಲಯದ ಪರೀಕ್ಷೆಯನ್ನೂ ಸೇರಿಸಿತು. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ವಾಸನೆ, ತೂರಾಟ, ತೊದಲು ಮಾತು ಇದ್ದ ಮಾತ್ರಕ್ಕೆ ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನೂ ಬೆನ್ನುಹತ್ತಿ ನೋಡಿ. 2024ರ ಪುಣೆಯ ಪೋರ್ಷೆ ಕಾರು ಪ್ರಕರಣದಲ್ಲಿ ರಕ್ತವನ್ನೇ ಅದಲುಬದಲು ಮಾಡಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು.

ಮಂಗಳೂರಿನಿಂದ, ವಿಮೆ ಕೆಲಸದಲ್ಲಿದ್ದವನು: ಒಂದು ಮಾತು ಸೇರಿಸುತ್ತೇನೆ. ನಿಮ್ಮ ಚಿಕ್ಕಪ್ಪನ ಪರಿಹಾರಕ್ಕೆ ಕುಡಿತ ಸಾಬೀತಾಗಲೇಬೇಕಿಲ್ಲ, ಚಾಲಕನ ನಿರ್ಲಕ್ಷ್ಯ ಸಾಬೀತಾದರೆ ಸಾಕು. ಹಿಂದಿನಿಂದ ಗುದ್ದಿದ್ದೇ ದೊಡ್ಡ ಆಧಾರ. ಕುಡಿತ ಸಾಬೀತಾದರೆ ವಿಮಾ ಕಂಪನಿ ಕೈತೊಳೆದುಕೊಳ್ಳುತ್ತದೆಂದು ಕೆಲವರು ಹೆದರಿಸುತ್ತಾರೆ. ಗಾಯಾಳುವಿಗೆ ಮೊದಲು ಕೊಟ್ಟು ಆಮೇಲೆ ವಾಹನದವರಿಂದ ವಸೂಲಿ ಮಾಡಿಕೊಳ್ಳಿ ಎಂದು ನ್ಯಾಯಾಲಯಗಳು ಕಂಪನಿಗಳಿಗೆ ಆದೇಶಿಸಿದ್ದುಂಟು. ಅರ್ಜಿ ಮಾತ್ರ ಆರು ತಿಂಗಳೊಳಗೆ ಹಾಕಿ, ಗಾಯದ ಪ್ರಮಾಣಪತ್ರದ ನಕಲನ್ನು ಈಗಲೇ ತೆಗೆದಿಟ್ಟುಕೊಳ್ಳಿ.