ಅಪ್ಪ ಜನೌಷಧಿ ಮಾತ್ರೆ ಮುಟ್ಟುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ದಾವಣಗೆರೆಯಿಂದ): ಅಪ್ಪನಿಗೆ ಸಕ್ಕರೆ ಕಾಯಿಲೆ. ಜನೌಷಧಿ ಕೇಂದ್ರದಿಂದ ಮೆಟ್‌ಫಾರ್ಮಿನ್ ತಂದುಕೊಟ್ಟರೆ, ‘ಇಷ್ಟು ಅಗ್ಗದ್ದು ಕೆಲಸ ಮಾಡುತ್ತದೆಯೇ?’ ಎಂದು ಪಕ್ಕಕ್ಕಿಡುತ್ತಾರೆ. ಪಿಂಚಣಿಯ ದೊಡ್ಡ ಪಾಲು ಔಷಧಿಗೇ ಹೋಗುವುದನ್ನು ನೋಡಿ ಸಂಕಟವಾಗುತ್ತದೆ.

ಉತ್ತರ 1: ನಾನು ಫಾರ್ಮಸಿಸ್ಟ್. ಹಿರಿಯರು ನಂಬುವುದು ಬೆಲೆಯನ್ನಲ್ಲ, ವೈದ್ಯರ ಬಾಯಿಮಾತನ್ನು. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ ಅದರ ಬದಲು ಬೇರೊಂದನ್ನು ನಾವಾಗಿ ಕೊಡಲು ನಿಯಮ ಬಿಡುವುದಿಲ್ಲ. ವೈದ್ಯರು ಜೆನೆರಿಕ್ ಹೆಸರನ್ನೇ, ಅಂದರೆ ಔಷಧದ ಮೂಲ ಹೆಸರನ್ನೇ ಬರೆಯಬೇಕೆಂಬ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ 2023ರ ಆಗಸ್ಟ್‌ನಲ್ಲಿ ಬಂದು ಅದೇ ತಿಂಗಳು ತಡೆಯಾಯಿತು. ಆದ್ದರಿಂದ ಆ ಸ್ಟ್ರಿಪ್ ಒಯ್ದು, ಅಪ್ಪನ ಎದುರಿನಲ್ಲೇ ವೈದ್ಯರನ್ನು ಕೇಳಿ.

ಉತ್ತರ 2: ನಮ್ಮ ಅತ್ತೆಗೆ ಅಡ್ಡಿಯಾದದ್ದು ಮಾತ್ರೆಯ ಬಣ್ಣ. ಹಳೆಯ ಸ್ಟ್ರಿಪ್ ಪಕ್ಕದಲ್ಲಿಟ್ಟು ಎರಡರಲ್ಲೂ ಅದೇ ಔಷಧ, ಅದೇ ಮಿಲಿಗ್ರಾಂ ಎಂದು ಓದಿಸಿದೆ. ಆಮೇಲೆ ತಕರಾರಿಲ್ಲ.

ಉತ್ತರ 3: ಒಂದು ಎಚ್ಚರಿಕೆ: ಮೂರ್ಛೆರೋಗದ, ಥೈರಾಯ್ಡ್‌ನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ದಯವಿಟ್ಟು ಬದಲಿಸಬೇಡಿ. ಅಲ್ಲಿ ಪ್ರಮಾಣದ ಸಣ್ಣ ಏರುಪೇರೂ ತೊಂದರೆ ಕೊಡಬಹುದು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಮುಂದಿನ ತಪಾಸಣೆಗೆ ನಾನೂ ಅಪ್ಪನ ಜೊತೆ ಹೋಗುತ್ತೇನೆ.